ಪಿತೃಪಕ್ಷದ ರಜೆ

ನಮ್ಮ ಮನೆಯಲ್ಲಿ ಅಪ್ಪ ಕೈ ಹಾಕಿ ನೋಡದ ಬಿಸಿನೀರು ಯಾರ ಮೈಮೇಲೂ ಬೀಳುತ್ತಿರಲಿಲ್ಲ. ಯಾರೂ ಬರೆದಿಟ್ಟ ಕಾನೂನಲ್ಲ ಅದು, ಆದರೆ ಮದ್ರಾಸಿನ ಮೈಲಾಪೂರ್‌ನ ಆ ಉದ್ದನೆಯ ವಠಾರದ ಮೂರನೇ ಪೋರ್ಷನ್ನಿನಲ್ಲಿ ನಾನು ಸಣ್ಣವಳಿದ್ದಷ್ಟು ವರ್ಷ ಹಾಗೇ ನಡೆಯಿತು. ವಾರಕ್ಕೊಮ್ಮೆ ಎಣ್ಣೆಸ್ನಾನ. ನಾನೂ ತಮ್ಮ ಮುರಳಿಯೂ ಮೈತುಂಬ ಎಣ್ಣೆ ಸುರಿಸಿಕೊಂಡು, ಕಣ್ಣು ಉರಿಯುತ್ತಿದ್ದರೂ ಒರೆಸಿಕೊಳ್ಳದೆ, ಬಚ್ಚಲ ಬಾಗಿಲಲ್ಲಿ ನಿಂತು ಅಪ್ಪಾ ಎಂದು ಕೂಗಬೇಕು. ಅಪ್ಪ ಬಂದು ಬಕೆಟ್ಟಿಗೆ ಕೈ ಅದ್ದಿ, ಒಂದು ಗಳಿಗೆ ಹಾಗೇ ಇಟ್ಟು, ಇನ್ನೊಂದು ಚೊಂಬು ತಣ್ಣೀರು ಬೆರೆಸು ಎಂದೋ, ಸಾಕು ಹುಯ್ದುಕೋ ಎಂದೋ ಅಪ್ಪಣೆ ಕೊಡಬೇಕು. ಅಪ್ಪ ಸರಿ ಅಂದ ನೀರು ಸರಿಯಾಗಿಯೇ ಇರುತ್ತಿತ್ತು. ಒಂದು ಸಲವೂ ಸುಟ್ಟಿದ್ದಿಲ್ಲ, ಒಂದು ಸಲವೂ ಚಳಿ ಅನ್ನಿಸಿದ್ದಿಲ್ಲ. ಹಾಲು ಹೆಪ್ಪು ಹಾಕುವಾಗಲೂ ಅಷ್ಟೇ, ಮುರಳಿಗೆ ಜ್ವರ ಬಂದಾಗಲೂ ಅಷ್ಟೇ. ಥರ್ಮಾಮೀಟರು ಎನ್ನುವ ವಸ್ತು ನಮ್ಮ ಮನೆಗೆ ಬಂದದ್ದು ನಾನು ಕಾಲೇಜಿಗೆ ಹೋಗಲು ಶುರುಮಾಡಿದ ಮೇಲೆ.

ಅಪ್ಪ ನಮ್ಮ ಕಡೆಯವರದೇ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಸ್ವೀಟ್ ಮಾಸ್ಟರ್. ಹುಟ್ಟಿದ್ದು ಪುತ್ತೂರಿನ ಬದಿಯಲ್ಲಿ, ಮದ್ರಾಸಿಗೆ ಬಂದದ್ದು ಹದಿನಾರನೇ ವಯಸ್ಸಿಗೆ, ಬಂದದ್ದೇ ಲೋಟ ತೊಳೆಯಲು. ಅಲ್ಲಿಂದ ಒಂದೊಂದೇ ಮೆಟ್ಟಿಲು ಹತ್ತಿ ಮೈಸೂರುಪಾಕಿನ ಬಾಣಲೆಯ ಮುಂದೆ ನಿಂತರು. ಮೈಸೂರುಪಾಕು ಮಾಡುವುದರಲ್ಲಿ ಮೂರೇ ವಸ್ತು, ಸಕ್ಕರೆ, ಕಡಲೆಹಿಟ್ಟು, ತುಪ್ಪ. ಅಷ್ಟಾದರೆ ಯಾರೂ ಮಾಡಬಹುದಿತ್ತು. ಕಷ್ಟ ಇರುವುದು ಸಕ್ಕರೆ ಪಾಕದಲ್ಲಿ. ಕುದಿಯುವ ಪಾಕವನ್ನು ಸೌಟಿನಿಂದ ಎತ್ತಿ, ಹೆಬ್ಬೆರಳು ತೋರುಬೆರಳಿನ ನಡುವೆ ತೆಗೆದುಕೊಂಡು ಮೆಲ್ಲಗೆ ಬಿಡಿಸಿದರೆ ಒಂದೇ ಒಂದು ಎಳೆ ಕಡಿಯದೆ ನಿಲ್ಲಬೇಕು. ಅದಕ್ಕಿಂತ ಮೊದಲು ಹಿಟ್ಟು ಹಾಕಿದರೆ ಹಲ್ವದಂತೆ ಅಂಟುತ್ತದೆ, ಅರ್ಧ ನಿಮಿಷ ತಡವಾದರೆ ಕಲ್ಲಾಗುತ್ತದೆ. ಆ ಗಳಿಗೆಯನ್ನು ಹಿಡಿಯುವುದು ಅಪ್ಪನ ಎರಡು ಬೆರಳಿನ ಕೆಲಸ. ಹೋಟೆಲಿನಲ್ಲಿ ಅವರನ್ನು ಬಿಟ್ಟು ಇನ್ನೊಬ್ಬರು ಪಾಕ ಮುಟ್ಟುವ ಹಾಗಿರಲಿಲ್ಲ. ಕಲಿಸಿಕೊಡಿ ಎಂದು ಕೇಳಿದವರಿಗೆ, ಇದು ಕಲಿಸಿ ಬರುವುದಲ್ಲ, ಬೆರಳಿಗೆ ತಾನಾಗಿ ಬರಬೇಕು ಎನ್ನುತ್ತಿದ್ದರು. ಅದು ಸುಳ್ಳು. ಕಲಿಸಲು ಅವರಿಗೆ ಮನಸ್ಸಿರಲಿಲ್ಲ, ಅಷ್ಟೇ. ಅಮ್ಮನಿಗೂ ಹೇಳಿಕೊಟ್ಟಿರಲಿಲ್ಲ.

ಅಮ್ಮನಿಗೆ ಅದರ ಮೇಲೊಂದು ಸಿಟ್ಟಿತ್ತು. ಅವಳು ಹುಟ್ಟಿ ಬೆಳೆದದ್ದೇ ಈ ಊರಲ್ಲಿ, ಅವಳಪ್ಪನೂ ಹೋಟೆಲಿನವರೇ. ಮದುವೆಯಾದ ಮೇಲಾದರೂ ಸ್ವಂತ ಅಡುಗೆಮನೆ ಸಿಕ್ಕಿತು ಅಂದುಕೊಂಡರೆ, ಅಪ್ಪ ಮಧ್ಯಾಹ್ನ ಎರಡು ಗಂಟೆಗೆ ಕ್ಯಾರಿಯರ್ ತುಂಬ ಹೋಟೆಲಿನ ಸಾಂಬಾರು, ಪಲ್ಯ, ಕೂಟು ತರುತ್ತಿದ್ದರು. ನನ್ನ ಒಲೆಗೆ ಅನ್ನ ಬೇಯಿಸುವುದೊಂದೇ ಪಾಡು ಎಂದು ಅವಳು ಗೊಣಗುತ್ತಿದ್ದಳು. ಹಟಕ್ಕೆ ಒಂದು ತಿಳಿಸಾರು ಮಾಡಿಡುತ್ತಿದ್ದಳು. ಅಪ್ಪ ಆ ಸಾರನ್ನು ಹೊಗಳದೆ, ಆದರೆ ಮೂರು ಸಲ ಹಾಕಿಸಿಕೊಂಡು ಉಣ್ಣುತ್ತಿದ್ದರು. ಜಗಳವಾದ ದಿನ ಅವರಿಬ್ಬರೂ ನೇರ ಮಾತಾಡುತ್ತಿರಲಿಲ್ಲ. ಪದ್ದೀ, ನಿಮ್ಮಪ್ಪನಿಗೆ ಹೇಳು ಎಂದು ಅವಳು, ಪದ್ದೀ, ನಿಮ್ಮಮ್ಮನ ಹತ್ತಿರ ಕೇಳು ಎಂದು ಇವರು. ನಾನು ಇಬ್ಬರ ನಡುವೆ ಅಂಚೆಯಣ್ಣನ ಹಾಗೆ ಕೂತಿರುತ್ತಿದ್ದೆ.

ನಮಗಂತೂ ಅಪ್ಪನ ಕೈಯ ಮೇಲೆ ಹೇಳಲಾರದಷ್ಟು ಹೆಮ್ಮೆ. ನನಗೆ ಹನ್ನೊಂದು ನಡೆಯುತ್ತಿದ್ದ ಆ ವರ್ಷ ಅಪ್ಪ ಇದ್ದಕ್ಕಿದ್ದ ಹಾಗೆ ಇನ್ನೂ ದೊಡ್ಡ ಶೂರನಾಗಿಬಿಟ್ಟಿದ್ದರು. ಒಲೆಯ ಮೇಲಿನ ಪಾತ್ರೆಯನ್ನು ಬಟ್ಟೆ ಹಿಡಿಯದೆ ಇಳಿಸುತ್ತಿದ್ದರು. ಕುದಿಕುದಿ ಕಾಫಿಯ ಲೋಟವನ್ನು ಬರಿಗೈಯಲ್ಲಿ ಹಿಡಿದು ಕೂರುತ್ತಿದ್ದರು. ಎಂಗಪ್ಪಾವುಕ್ಕು ಸೂಡೇ ತೆರಿಯಾದು, ನಮ್ಮಪ್ಪನಿಗೆ ಬಿಸಿಯೇ ಗೊತ್ತಾಗುವುದಿಲ್ಲ ಎಂದು ಮುರಳಿ ಬೀದಿಯ ಮಕ್ಕಳ ಮುಂದೆಲ್ಲ ಜಂಬ ಕೊಚ್ಚುತ್ತಿದ್ದ. ನಾನೂ ಶಾಲೆಯಲ್ಲಿ ಹೇಳಿಕೊಂಡು ತಿರುಗಿದೆ. ಎಂಥ ಪೆದ್ದು ಮಕ್ಕಳು ನಾವು.

ಅದೇ ವರ್ಷ ಆಷಾಢದ ಹೊತ್ತಿಗೆ ಅಪ್ಪನ ಮೈಸೂರುಪಾಕು ಒಂದು ಸಲ ಕಲ್ಲಾಯಿತು. ತಿಂಗಳೊಳಗೆ ಇನ್ನೊಂದು ಸಲ. ಮೊದಲನೇ ಸಲ ಕಡಲೆಹಿಟ್ಟು ಹಳತು ಎಂದರು, ಎರಡನೇ ಸಲ ತುಪ್ಪದ ಮೇಲೆ ಹಾಕಿದರು. ಹೋಟೆಲಿನ ಯಜಮಾನರು, ಎಲ್ಲರೂ ತಮಿಳಿನಲ್ಲಿ ಮುದಲಾಳಿ ಎನ್ನುತ್ತಿದ್ದವರು, ಬೈಯುವ ಜನ ಅಲ್ಲ. ಮೈಗೆ ಹುಷಾರಿಲ್ಲವಾ ವಾಸೂ ಎಂದು ಮಾತ್ರ ಕೇಳಿದರಂತೆ. ಆದರೆ ದೀಪಾವಳಿಯ ಆರ್ಡರುಗಳಿಗೆ ಕುಂಭಕೋಣದಿಂದ ಬೇರೊಬ್ಬ ಮಾಸ್ಟರನ್ನು ಕರೆಸುವ ಮಾತು ನಡೆದಿದೆ ಎಂದು ಪಕ್ಕದ ಪೋರ್ಷನ್ನಿನ ಸಪ್ಲೈಯರ್ ಮಾವ ಅಮ್ಮನ ಕಿವಿಗೆ ಹಾಕಿದರು. ಬೇರೆ ಮಾಸ್ಟರ್ ಬಂದರೆ ಅಪ್ಪ ಹಿಟ್ಟು ಜರಡಿ ಹಿಡಿಯಬೇಕು, ಇಲ್ಲವೇ ಹೊರಡಬೇಕು. ಹೊರಟರೆ ವಠಾರದ ಮನೆಯನ್ನೂ ಬಿಡಬೇಕು, ಅದು ಹೋಟೆಲಿನವರೇ ಕೆಲಸದವರಿಗೆಂದು ಹಿಡಿದಿದ್ದ ಮನೆ. ಇಷ್ಟು ನನಗೆ ಆಗಲೇ ಗೊತ್ತಿತ್ತು. ದೊಡ್ಡವರು ಮಕ್ಕಳಿಗೆ ಕಿವಿ ಇಲ್ಲ ಎಂದುಕೊಂಡೇ ಮಾತಾಡುತ್ತಾರೆ.

ಸಿಹಿ ಮಾಡುವವರಿಗೆ ವರ್ಷದಲ್ಲಿ ಬಿಡುವು ಸಿಗುವುದು ಪಿತೃಪಕ್ಷದಲ್ಲಿ. ಮದುವೆ ಇಲ್ಲ, ಮುಂಜಿ ಇಲ್ಲ, ಗೃಹಪ್ರವೇಶ ಇಲ್ಲ, ಯಾರೂ ಸಿಹಿಯ ಡಬ್ಬ ಹಿಡಿದು ಯಾರ ಮನೆಗೂ ಹೋಗುವುದಿಲ್ಲ. ಊರಿನವರೆಲ್ಲ ಅಶುಭ ಎನ್ನುವ ಹದಿನೈದು ದಿನ ನಮಗೆ ಹಬ್ಬ. ನಮ್ಮ ಕಾಲುವಾರ್ಷಿಕ ಪರೀಕ್ಷೆಯ ರಜೆಯೂ ಆಗಲೇ ಬರುತ್ತಿತ್ತು. ಆ ವರ್ಷ ಅಪ್ಪ ರಜೆಯೇ ಬೇಡ ಎಂದು ಕೂತರು, ಒಲೆ ಬಿಟ್ಟು ಹೋದರೆ ಇನ್ನೊಬ್ಬ ಬಂದು ನಿಲ್ಲುತ್ತಾನೆ ಎಂಬ ಹೆದರಿಕೆ. ಅಮ್ಮ ಬಿಡಲಿಲ್ಲ. ಊಟ ಬಿಟ್ಟಳು, ಮಾತು ಬಿಟ್ಟಳು, ಕೊನೆಗೆ ಟಿಕೆಟ್ಟು ತೆಗೆಸಿ ತಂದು ದೇವರ ಮುಂದೆ ಇಟ್ಟಳು. ಮಂಗಳೂರು ರೈಲು ಹತ್ತಿ ಪುತ್ತೂರಿನಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದ ದೊಡ್ಡಪ್ಪನ ಮನೆಗೆ ಹೋದೆವು.

ದೊಡ್ಡಪ್ಪ ಅಪ್ಪನಿಗಿಂತ ಆರು ವರ್ಷ ದೊಡ್ಡವರು, ತೂಕದಲ್ಲಿ ಅದಕ್ಕಿಂತ ಎಷ್ಟೋ ದೊಡ್ಡವರು. ಬಾಯಿ ತೆರೆದರೆ ತಮಾಷೆ. ನಾನೂ ಮುರಳಿಯೂ ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರ ಕೊಟ್ಟರೆ, ಓಹೋ ತಮಿಳುನಾಡಿನ ಮಂತ್ರಿಗಳು ಬಂದಿದ್ದಾರೆ ಎಂದು ಕೈಮುಗಿಯುತ್ತಿದ್ದರು. ಹೊರಡುವ ಹಿಂದಿನ ದಿನ ಅವರೇ ಒಂದು ಜೀಪು ಗೊತ್ತುಮಾಡಿದರು. ಬೆಳಿಗ್ಗೆ ಗುಹೆ, ಮಧ್ಯಾಹ್ನ ಮೇಲೆ ಬಿಸಿನೀರಿನ ಕೊಳ. ನೆಲದಡಿಯಿಂದ ತಾನಾಗಿ ಬಿಸಿನೀರು ಬರುತ್ತದೆ, ಯಾರೂ ಸೌದೆ ಹಾಕುವುದಿಲ್ಲ ಎಂದು ಅವರು ಹೇಳಿದಾಗ ಮುರಳಿ ನಂಬಲೇ ಇಲ್ಲ. ಆ ದಿನ ಬೆಳಗಿನಿಂದಲೇ ಮಳೆ. ದೊಡ್ಡಮ್ಮ, ಮಳೆ ಬರುವಾಗ ಗುಹೆಗೆ ಹೋಗುವ ಬುದ್ಧಿವಂತರನ್ನು ನಾನು ಈಗಲೇ ನೋಡುವುದು ಎಂದು ಇಡ್ಲಿ ಕಟ್ಟಿಕೊಟ್ಟಳು, ತಾನು ಬರಲಿಲ್ಲ.

ಗುಹೆ ಒಂದು ಗುಡ್ಡದ ಬುಡದಲ್ಲಿತ್ತು, ಒಳಗೆ ಈಶ್ವರ. ಬಾಗಿಲಲ್ಲಿ ತಲೆ ಎತ್ತಿ ನಡೆಯಬಹುದು, ನಾಲ್ಕು ಹೆಜ್ಜೆ ಆದ ಮೇಲೆ ಬಗ್ಗಬೇಕು, ಮತ್ತೆ ಮಂಡಿಯೂರಿ ಅಂಗೈ ಊರಿ ತೆವಳಬೇಕು. ಮಳೆನೀರು ಒಳಗೂ ಇಳಿದಿತ್ತು. ದೊಡ್ಡಪ್ಪ ಹೊರಗೇ ಕೂತರು, ನನ್ನ ಹೊಟ್ಟೆ ಒಳಗೆ ಬಂದರೆ ದೇವರು ಹೊರಗೆ ಬರಬೇಕಾದೀತು ಎಂದು. ಅರ್ಚಕರು ಗ್ಯಾಸ್‌ಲೈಟು ಹಿಡಿದು ಮುಂದೆ, ಅವರ ಹಿಂದೆ ಅಪ್ಪ, ಅಪ್ಪನ ಪಂಚೆಯ ಚುಂಗು ಹಿಡಿದು ನಾನು, ನನ್ನ ಹಿಂದೆ ಮುರಳಿ, ಕೊನೆಗೆ ಸೀರೆ ಎತ್ತಿ ಸಿಕ್ಕಿಸಿದ ಅಮ್ಮ. ನನಗೆ ಹೆದರಿಕೆಯಾಗಿತ್ತು. ಬಾವಲಿಗಳ ವಾಸನೆ, ಮೊಣಕಾಲಿಗೆ ತಣ್ಣನೆಯ ನೀರು, ಕೈಗೆ ಚೂಪು ಕಲ್ಲು. ಅಪ್ಪ ಮಾತ್ರ ಹಾಸಿಗೆಯ ಮೇಲೆ ಹೋಗುವವರಂತೆ ಸರಸರ ಹೋಗುತ್ತಿದ್ದರು. ನಮ್ಮಪ್ಪ ಇರುವಾಗ ನನಗೇನಾಗುತ್ತದೆ ಎಂದು ಧೈರ್ಯ ಮಾಡಿಕೊಂಡೆ.

ಕೊನೆಗೆ ಒಂದು ಕೋಣೆಯಷ್ಟು ಜಾಗ ಸಿಕ್ಕಿತು. ನೆಟ್ಟಗೆ ನಿಂತೆವು. ಬಂಡೆಯ ಮೇಲಿಂದ ಲಿಂಗದ ನೆತ್ತಿಗೆ ತೊಟ್ಟುತೊಟ್ಟಾಗಿ ನೀರು ಬೀಳುತ್ತಿತ್ತು. ಮುರಳಿ ಕೂಡ ಬಾಯಿ ಮುಚ್ಚಿಕೊಂಡು ನೋಡಿದ. ಅಲ್ಲಿ ಪ್ರಸಾದ ಅಂದರೆ ಗುಹೆಯ ಒದ್ದೆ ಮಣ್ಣು, ಹಣೆಗೆ ಹಚ್ಚಿಕೊಳ್ಳುವುದು. ಅರ್ಚಕರು ಮಣ್ಣಿನ ಮುದ್ದೆ ಹಿಡಿದು ಅಪ್ಪನ ಅಂಗೈ ಮೇಲೆ ದೀಪ ತಂದರು, ತಂದವರು ಹಾಗೇ ನಿಂತರು. ಅಪ್ಪನ ಅಂಗೈ ಬೆರಳಿನ ಬುಡದಿಂದ ಅಡ್ಡಕ್ಕೆ ಕೊಯ್ದುಹೋಗಿ ರಕ್ತ ಮಣಿಕಟ್ಟಿನವರೆಗೆ ಇಳಿದಿತ್ತು. ಕೈ ಹೀಗಾಗಿದೆಯಲ್ಲ ಭಟ್ರೇ, ನೋಡಲಿಲ್ಲವಾ ಎಂದರು ಅರ್ಚಕರು. ಅಪ್ಪ ತಮ್ಮ ಕೈಯನ್ನು ಬೇರೆ ಯಾರದ್ದೋ ಕೈಯಂತೆ ನೋಡಿದರು. ಆಮೇಲೆ, ಈಗ ತಾನೇ ತಾಗಿತು ಎಂದರು. ಈಗ ತಾಗಿದ ರಕ್ತ ಅಷ್ಟು ದೂರ ಇಳಿದು ಅಂಚಿನಲ್ಲಿ ಒಣಗಿರುವುದಿಲ್ಲ, ಅದು ನನಗೂ ಗೊತ್ತಿತ್ತು. ಅಮ್ಮ ಹತ್ತಿರ ಬಂದು ಕರವಸ್ತ್ರ ಕಟ್ಟಿದಳು. ಉರಿಯುತ್ತಾ ಎಂದು ಒಂದು ಮಾತು ಕೇಳಲಿಲ್ಲ. ಬೇರೆಯವರ ಅಮ್ಮಂದಿರು ಇಷ್ಟಕ್ಕೆ ಊರು ಒಂದು ಮಾಡುತ್ತಾರೆ, ಇವಳು ಕಲ್ಲಿನ ಹಾಗಿದ್ದಾಳೆ ಎಂದು ನನಗೆ ಅವಳ ಮೇಲೆ ಕೆಟ್ಟ ಸಿಟ್ಟು ಬಂತು. ಹೊರಗೆ ಬಂದು ಇಡ್ಲಿ ತಿನ್ನುವಾಗಲೂ ಅವಳ ಪಕ್ಕ ಕೂರಲಿಲ್ಲ.

ಕೊಳಕ್ಕೆ ಬರುವ ಹೊತ್ತಿಗೆ ಮೂರು ಗಂಟೆ ದಾಟಿತ್ತು, ಮಳೆ ಜೋರಾಗಿತ್ತು. ನಾವು ನಾಲ್ಕೂ ಜನ ಒದ್ದೆ ಬಟ್ಟೆಯಲ್ಲಿ ನಡುಗುತ್ತಿದ್ದೆವು. ದೊಡ್ಡಪ್ಪ ಜೀಪು ನಿಲ್ಲಿಸಲು ಜಾಗ ನೋಡುತ್ತಾ, ನೀವು ಇಳಿಯಿರಿ, ಹಳ್ಳದ ಬದಿಗೆ ಮೆಟ್ಟಿಲುಂಟು ಎಂದು ನಮ್ಮನ್ನು ಮುಂದೆ ಕಳಿಸಿದರು. ಹಳ್ಳ ಕೆಂಪಗೆ ತುಂಬಿ ಹರಿಯುತ್ತಿತ್ತು. ದಡದಲ್ಲಿ ಕಲ್ಲು ಕಟ್ಟಿದ ಎರಡು ಕೊಳ, ಒಂದು ಮೇಲೆ, ಒಂದು ಕೆಳಗೆ. ಕೆಳಗಿನದು ದೊಡ್ಡದು, ನೋಡಲು ಚೆಂದ. ಅಪ್ಪ ಸಣ್ಣವರಿದ್ದಾಗ ಒಮ್ಮೆ ಬಂದಿದ್ದರಂತೆ, ಇದೇ ಎಂದು ಸೀದಾ ಅಲ್ಲಿಗೆ ನಡೆದರು. ನಾವು ಮನೆಯ ಬಚ್ಚಲ ಬಾಗಿಲಲ್ಲಿ ನಿಲ್ಲುವ ಹಾಗೆ ಮೆಟ್ಟಿಲ ಮೇಲೆ ಸಾಲಾಗಿ ನಿಂತೆವು. ಕೊಳವಾದರೇನು, ಬಕೆಟ್ಟಾದರೇನು, ಅಪ್ಪ ಹೇಳದೆ ಇಳಿಯುವ ಅಭ್ಯಾಸವೇ ನಮಗಿಲ್ಲ. ಅಪ್ಪ ಬಗ್ಗಿ, ಕರವಸ್ತ್ರ ಕಟ್ಟದ ಎಡಗೈಯನ್ನು ಮಣಿಕಟ್ಟಿನವರೆಗೆ ನೀರಿಗೆ ಇಟ್ಟರು. ಒಂದು ಗಳಿಗೆ ಇಟ್ಟರು. ನಮ್ಮ ಮುಖ ನೋಡಿದರು.

"ಒಳ್ಳೆ ಬಿಸಿ ಉಂಟು. ಇಳೀರಿ."

ಮೊದಲು ಇಳಿದದ್ದು ನಾನು. ಎರಡು ಮೆಟ್ಟಿಲು ಇಳಿದು ಮೊಣಕಾಲಿನವರೆಗೆ ಮುಳುಗಿದೆ. ಅದು ಹಳ್ಳದ ನೀರು. ಮಳೆಗೆ ಹಳ್ಳ ಉಕ್ಕಿ ಕೆಳಗಿನ ಕೊಳಕ್ಕೆ ನುಗ್ಗಿತ್ತು, ಗುಹೆಯ ನೀರಿಗಿಂತಲೂ ತಣ್ಣಗಿತ್ತು. ಕಾಲಿನ ಮೂಳೆಯೊಳಗೆ ಚಳಿ ಹೊಕ್ಕಿತು. ನಾನು ತಿರುಗಿ ಅಪ್ಪನ ಮುಖ ನೋಡಿದೆ. ಅಪ್ಪ ನಗುತ್ತಿದ್ದರು, ಆದರೆ ಆ ನಗು ಪರೀಕ್ಷೆಯಲ್ಲಿ ಉತ್ತರ ಊಹಿಸಿ ಬರೆದವರದ್ದು. ಆಗ ನನಗೆ ಎಲ್ಲಾ ಒಟ್ಟಿಗೆ ಹೊಳೆಯಿತು, ಕೊಯ್ದ ಅಂಗೈ, ಬಿಸಿ ಲೋಟ, ಕಲ್ಲಾದ ಮೈಸೂರುಪಾಕು. ಅಪ್ಪನಿಗೆ ಬಿಸಿ ಗೊತ್ತಾಗುವುದಿಲ್ಲ ಎಂದು ನಾವು ಜಂಬ ಕೊಚ್ಚಿದ್ದು ನಿಜವೇ ಆಗಿತ್ತು. ಅವರಿಗೆ ಬಿಸಿಯೂ ಗೊತ್ತಾಗುತ್ತಿರಲಿಲ್ಲ, ತಂಪೂ ಗೊತ್ತಾಗುತ್ತಿರಲಿಲ್ಲ. ಬಿಸಿನೀರಿನ ಕೊಳ ಅಂದ ಮೇಲೆ ಬಿಸಿಯೇ ಇರುತ್ತದೆ ಎಂದು ಹೇಳಿಬಿಟ್ಟಿದ್ದರು.

ಹೇಗಿದೆ ಎಂದು ಅಮ್ಮ ಮೇಲಿಂದ ಕೇಳಿದಳು. ಹಲ್ಲು ಕಡಿದುಕೊಂಡು, ಬಿಸಿ ಇದೆ ಅಮ್ಮ ಎಂದೆ. ಅಪ್ಪನ ಮರ್ಯಾದೆ ಉಳಿಸುವ ಭಾರ ಆ ಗಳಿಗೆಯಲ್ಲಿ ನನ್ನೊಬ್ಬಳ ಮೇಲೆ ಬಿದ್ದಿದೆ ಅನ್ನಿಸಿತ್ತು. ಇನ್ನೂ ಎರಡು ಮೆಟ್ಟಿಲು ಇಳಿದೆ, ಸೊಂಟದವರೆಗೆ. ಬೇಕಿದ್ದರೆ ಮುಳುಗಿಯೂ ತೋರಿಸುತ್ತಿದ್ದೆ. ಅಷ್ಟರಲ್ಲಿ ಮುರಳಿ ಧುಮುಕಿದ. ಧುಮುಕಿದವನು ಅದೇ ವೇಗದಲ್ಲಿ ಎದ್ದು, ಅಯ್ಯೋ, ಐಸ್ ಮಾದಿರಿ ಇರುಕ್ಕು, ಐಸಿನ ಹಾಗಿದೆ ಎಂದು ಕಿರುಚಿ ಮೆಟ್ಟಿಲು ಹತ್ತಿ ಅಮ್ಮನ ಸೀರೆಗೆ ಅಂಟಿಕೊಂಡ. ಛತ್ರಿ ಹಿಡಿದು ಬರುತ್ತಿದ್ದ ದೊಡ್ಡಪ್ಪ ಇದನ್ನು ನೋಡಿ ಹೊಟ್ಟೆ ಕುಣಿಸಿ ನಕ್ಕರು.

"ಎಂತ ವಾಸು, ಮದ್ರಾಸಿನಲ್ಲಿ ತಣ್ಣೀರಿಗೆ ಬಿಸಿನೀರು ಅಂತ ಹೇಳುವುದಾ? ಅದು ಹಳ್ಳ ಮಾರಾಯ. ಒರತೆ ಇರುವುದು ಮೇಲಿನದರಲ್ಲಿ."

ಪಾಪ, ಅವರಿಗೇನು ಗೊತ್ತು. ಅಪ್ಪ ನಗಲಿಲ್ಲ. ಮೆಟ್ಟಿಲ ಮೇಲೆ ಕೂತುಬಿಟ್ಟರು, ಎರಡು ಕೈಯನ್ನೂ ತೊಡೆಯ ಮೇಲೆ ಮಗುಚಿಟ್ಟುಕೊಂಡು. ಮಳೆ ತಲೆಯ ಮೇಲೆ ಸುರಿಯುತ್ತಿತ್ತು. ದೊಡ್ಡಪ್ಪನಿಗೆ ಏನೋ ಎಡವಟ್ಟಾಯಿತೆಂದು ತಿಳಿದಿರಬೇಕು, ಮುರಳಿಯನ್ನು ಕರೆದುಕೊಂಡು ಮೇಲಿನ ಕೊಳಕ್ಕೆ ಹೋದರು. ಅಲ್ಲಿಂದ ಮುರಳಿಯ ಕೇಕೆ ಕೇಳಿಸಿತು. ನಾನು ನೀರಿನಲ್ಲೇ ನಿಂತಿದ್ದೆ. ಅಮ್ಮ ಬಂದು ಮೊದಲು ನನ್ನನ್ನು ರಟ್ಟೆ ಹಿಡಿದು ಮೇಲೆಳೆದಳು, ಆಮೇಲೆ ಅಪ್ಪನ ಮಣಿಕಟ್ಟು ಹಿಡಿದಳು. ಏಳಿ ಎಂದಳು, ಅಷ್ಟೇ. ನನ್ನ ಮೂಲಕ ಅಲ್ಲ, ನೇರ ಅವರಿಗೇ ಹೇಳಿದಳು.

ಮೇಲಿನ ಕೊಳ ಚಿಕ್ಕದು, ಸ್ವಲ್ಪ ಗಂಧಕದ ವಾಸನೆ, ತಳದಿಂದ ಸಣ್ಣ ಗುಳ್ಳೆಗಳು ಏಳುತ್ತಿದ್ದವು. ಕಾಲಿಟ್ಟರೆ ಆಹಾ, ಆ ಸುಖವನ್ನು ಏನೆಂದು ಹೇಳಲಿ. ಅಪ್ಪ ಹದ ನೋಡಿ ಕೊಟ್ಟ ಸ್ನಾನದ ನೀರು ಹೇಗಿರುತ್ತಿತ್ತೋ ಹಾಗೇ ಇತ್ತು. ಅಮ್ಮ ಉಟ್ಟ ಸೀರೆಯಲ್ಲೇ ಅಪ್ಪನನ್ನು ಹಿಡಿದು ಇಳಿಸಿ ತಾನೂ ಕತ್ತಿನವರೆಗೆ ಕೂತಳು. ನಮ್ಮ ಅಪ್ಪ ಅಮ್ಮ ಒಂದೇ ನೀರಿನಲ್ಲಿ ಕೂತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ದೊಡ್ಡಪ್ಪ ಆ ಕೊನೆಯಲ್ಲಿ ಮುರಳಿಗೆ ಈಜು ಕಲಿಸುವ ನೆಪದಲ್ಲಿ ಬೆನ್ನು ಹಾಕಿ ಕೂತರು. ನಾನು ಅಮ್ಮನ ಪಕ್ಕ ನೀರಿನಲ್ಲಿ ಮುದುರಿಕೊಂಡೆ. ಅಮ್ಮ ಅಪ್ಪನ ಮೊಣಕೈಯನ್ನು ಮಡಿಸಿ ನೀರಿಗೆ ತಾಗಿಸಿದಳು. ಎಳೆಮಕ್ಕಳಿಗೆ ನೀರು ಹುಯ್ಯುವ ಹೆಂಗಸರು ಹದ ನೋಡುವುದು ಹಾಗೆ, ಮೊಣಕೈಯಿಂದ.

"ಇಲ್ಲಿ ತಿಳಿಯುತ್ತಾ?"

"ತಿಳೀತದೆ. ಇಲ್ಲಿ ತಿಳೀತದೆ." ಅಪ್ಪ ಬೆರಳುಗಳನ್ನು ನೀರಿನಿಂದ ಎತ್ತಿ ನೋಡಿಕೊಂಡು ಹೇಳಿದರು, "ಆರು ತಿಂಗಳಾಯ್ತು ಲಲಿತಾ. ಮೊದಲು ತುದಿ ಮಾತ್ರ ಜೋಮು ಹಿಡಿದ ಹಾಗೆ. ಈಗ ಬೆರಳೇ ಇಲ್ಲದ ಹಾಗೆ. ಎಳೆ ಬಂತಾ ಇಲ್ವಾ ಗೊತ್ತಾಗುವುದಿಲ್ಲ, ಅಂದಾಜಿನಲ್ಲಿ ಹಿಟ್ಟು ಹಾಕ್ತೇನೆ."

"ನಂಗೆ ಆಷಾಢದಿಂದಾನೇ ಗೊತ್ತು. ನೀವೇ ಹೇಳ್ತೀರಾ ಅಂತ ಕಾದೆ. ಹೆಂಡತಿ ಹತ್ರ ಹೇಳಬಾರದಾ?"

"ಹೇಳಿದ್ರೆ ನಿಜ ಆಗ್ತದೆ ಅಂತ ಹೆದರಿಕೆ."

ಇಷ್ಟು ಹೇಳಿ ಅಪ್ಪ ಅತ್ತರು. ಅಪ್ಪ ಅತ್ತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಗುಹೆಯೊಳಗೆ ಅಮ್ಮ ಯಾಕೆ ಉರಿಯುತ್ತಾ ಎಂದು ಕೇಳಲಿಲ್ಲವೆಂದು ಆಗ ಅರ್ಥವಾಯಿತು. ಉರಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಇತ್ತೀಚೆಗೆ ನಮ್ಮ ಎಣ್ಣೆಸ್ನಾನದ ನೀರನ್ನು ಅಪ್ಪ ಕೈ ಅದ್ದುವ ಮೊದಲೇ ಹದ ಮಾಡಿಡುತ್ತಿದ್ದವಳೂ ಅವಳೇ ಇರಬೇಕು. ಬೆಳಗಿನಿಂದ ಅವಳ ಮೇಲೆ ಕಟ್ಟಿಕೊಂಡಿದ್ದ ಸಿಟ್ಟಿಗೆ ನಾಚಿಕೆಯಾಗಿ ನೀರಿನೊಳಗೆ ಅವಳ ಕೈ ಹುಡುಕಿ ಹಿಡಿದುಕೊಂಡೆ. ಅಮ್ಮ ಮಾತ್ರ ಅಳಲಿಲ್ಲ. ಬೆರಳು ಹೋದರೆ ತಲೆ ಹೋಗಲಿಲ್ಲವಲ್ಲ, ಇಪ್ಪತ್ತು ವರ್ಷದ ಪಾಕ ತಲೆಯಲ್ಲಿದೆಯಲ್ಲ, ಅದನ್ನು ಯಾರಿಗಾದರೂ ಹೇಳಿಕೊಟ್ಟಿದ್ದರೆ ಇವತ್ತು ಈ ಪಾಡು ಬರುತ್ತಿತ್ತಾ ಎಂದು ಬೈಯಲು ಶುರುಮಾಡಿದಳು. ಬೈಗುಳ ಕೇಳುತ್ತಾ ಕೇಳುತ್ತಾ ಅಪ್ಪನ ಮುಖಕ್ಕೆ ಜೀವ ಬಂತು. ಆಮೇಲೆ ಅವರು ನನ್ನ ಕಡೆ ತಿರುಗಿದರು.

"ಪದ್ದೀ, ಅಲ್ಲಿ ನೀರು ತಣ್ಣಗಿತ್ತಲ್ಲ?"

"ಹೂಂ."

"ಮತ್ತೆ ಬಿಸಿ ಅಂತ ಯಾಕೆ ಹೇಳಿದ್ದು?"

"ನೀವು ಹೇಳಿದ್ರಲ್ಲ, ಅದಕ್ಕೆ."

"ಇನ್ನು ಹಾಗೆ ಹೇಳಬೇಡ ಮಗಾ. ಎಲ್ಲರೂ ನನ್ನ ಬಾಯಿ ನೋಡಿ ಹೇಳಿದ್ರೆ ನಂಗೆ ಗೊತ್ತಾಗುವುದು ಹೇಗೆ?"

ಮುಂದಿನದನ್ನು ಮೊದಲೇ ಹೇಳಿಬಿಡುತ್ತೇನೆ. ನನಗೆ ಕುತೂಹಲ ಹಿಡಿದಿಟ್ಟು ಕಾಡಿಸಲು ಬರುವುದಿಲ್ಲ. ಮೈಲಾಪೂರ್‌ಗೆ ವಾಪಸು ಬಂದು ಡಾಕ್ಟರಿಗೆ ತೋರಿಸಿದಾಗ ಅದು ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ಜೀವಮಾನವೆಲ್ಲ ಸಕ್ಕರೆಯನ್ನು ನಾನು ಕುದಿಸಿದೆ, ಈಗ ಅದು ನನ್ನನ್ನು ಕುದಿಸುತ್ತಿದೆ ಎಂದು ಅಪ್ಪ ನಕ್ಕರು. ಮಾತ್ರೆ ಬಂತು, ಪಥ್ಯ ಬಂತು, ಬೆರಳಿನ ಸ್ಪರ್ಶ ಮಾತ್ರ ಪೂರ್ತಿ ವಾಪಸು ಬರಲಿಲ್ಲ. ಆದರೆ ಅಪ್ಪನ ಜಾಗ ಹೋಗಲಿಲ್ಲ. ಮುದಲಾಳಿಯವರ ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು, ಇಬ್ಬರು ಹುಡುಗರನ್ನು ಕೊಡಿ, ಪಾಕ ಕಲಿಸುತ್ತೇನೆ, ಮುಟ್ಟುವುದು ಅವರು, ಮಾಡಿಸುವುದು ನಾನು ಎಂದು ಕೇಳಿದರು. ಇಷ್ಟು ವರ್ಷದ ಮೇಲೆ ಬಾಯಿಬಿಟ್ಟೆಯಲ್ಲ ವಾಸೂ ಎಂದರಂತೆ ಮುದಲಾಳಿ. ಕುಂಭಕೋಣದ ಮಾಸ್ಟರ್ ಬರಲೇ ಇಲ್ಲ. ಅಪ್ಪ ಆ ಅಡುಗೆಮನೆಯಲ್ಲಿ ಮತ್ತೂ ಹದಿನೈದು ವರ್ಷ ಇದ್ದರು. ಅವರ ಹತ್ತಿರ ಕಲಿತವರು ಇವತ್ತಿಗೂ ಈ ಊರಿನ ಮೂರು ನಾಲ್ಕು ಹೋಟೆಲುಗಳಲ್ಲಿ ಬಾಣಲೆಯ ಮುಂದೆ ನಿಲ್ಲುತ್ತಾರೆ. ವಠಾರ ಈಗಿಲ್ಲ, ಅದರ ಜಾಗದಲ್ಲಿ ಫ್ಲಾಟುಗಳು ಎದ್ದಿವೆ, ಮುಂದಿನ ರಸ್ತೆಯನ್ನು ಮೆಟ್ರೋಗಾಗಿ ಅಗೆದು ಹಾಕಿದ್ದಾರೆ. ನಾನು ಪಕ್ಕದ ಬೀದಿಯಲ್ಲೇ ಇದ್ದೇನೆ.

ಆದರೆ ಮುದಲಾಳಿಯ ಹತ್ತಿರ ಹೋಗುವ ಮೊದಲು ಅಪ್ಪನಿಗೆ ಒಂದು ಸಂದೇಹ ತೀರಬೇಕಿತ್ತು. ತಾನು ಮುಟ್ಟದೆ ಮೈಸೂರುಪಾಕು ಆಗುತ್ತದೆಯೇ ಎಂಬ ಸಂದೇಹ. ಊರಿನಿಂದ ಬಂದ ಮೂರನೇ ದಿನ, ಮಹಾಲಯ ಅಮಾವಾಸ್ಯೆಗೆ ಇನ್ನೂ ಎರಡು ದಿನ ಇರುವಾಗ, ಸಕ್ಕರೆ, ಹಿಟ್ಟು, ತುಪ್ಪ ತಂದು ನಮ್ಮ ಮನೆಯ ಒಲೆಯ ಮುಂದೆ ನಿಂತರು. ಪಿತೃಪಕ್ಷದಲ್ಲಿ ಯಾರಾದರೂ ಸಿಹಿ ಮಾಡುತ್ತಾರಾ ಎಂದು ಅಮ್ಮ ಕೇಳಲಿಲ್ಲ. ತನ್ನ ಒಲೆಯ ಮೇಲೆ ಕೊನೆಗೂ ಒಂದು ದೊಡ್ಡ ಬಾಣಲೆ ಕೂತಿತ್ತು. ಅವಳು ಜರಡಿ ಹಿಡಿದ ಹಿಟ್ಟಿನ ತಟ್ಟೆಯನ್ನು ಎತ್ತಿ ಹಿಡಿದು ಒಂದು ಕಡೆ, ಸ್ಟೂಲಿನ ಮೇಲೆ ಹತ್ತಿ ನಾನು ಇನ್ನೊಂದು ಕಡೆ. ಇನ್ನೊಂದು ಒಲೆಯಲ್ಲಿ ತುಪ್ಪ ಕಾಯುತ್ತಿತ್ತು. ಪಾಕವನ್ನು ಸೌಟಿನಿಂದ ಎತ್ತಿ ಹೇಗೆ ಆರಿಸಬೇಕು, ಎರಡು ಬೆರಳನ್ನು ಹೇಗೆ ಮುಟ್ಟಿಸಿ ಬಿಡಿಸಬೇಕು ಎಂದು ಅಪ್ಪ ಆವತ್ತು ನನಗೆ ಹೇಳಿಕೊಟ್ಟರು. ಬೆರಳಿಗೆ ತಾನಾಗಿ ಬರಬೇಕು ಎನ್ನುತ್ತಿದ್ದ ವಿದ್ಯೆ, ಹೇಳಿಕೊಡಲು ಹಿಡಿದದ್ದು ಐದು ನಿಮಿಷ.

ಪಾಕ ಕುದಿಯುತ್ತಿತ್ತು. ದೊಡ್ಡವಿದ್ದ ಗುಳ್ಳೆಗಳು ಸಣ್ಣವಾದವು. ಅಪ್ಪ ಬಗ್ಗಿ ನೋಡಿದರು, ವಾಸನೆ ಹಿಡಿದರು. ಬಂತು, ಲಲಿತಾ, ಹಿಟ್ಟು ಹಾಕು ಎಂದರು. ಇಪ್ಪತ್ತು ವರ್ಷ ಹೋಟೆಲಿನ ಅಡುಗೆಮನೆಯಲ್ಲಿ ಆ ಮಾತಿಗೆ ಯಾರೂ ಎದುರಾಡಿದವರಿಲ್ಲ. ಅಮ್ಮ ತಟ್ಟೆ ಬಗ್ಗಿಸಲು ಹೊರಟಳು. ನಾನು ಅಷ್ಟರಲ್ಲಿ ಪಾಕವನ್ನು ಬೆರಳಿಗೆ ತೆಗೆದುಕೊಂಡಿದ್ದೆ. ಸುಡುತ್ತಿತ್ತು. ಬೆರಳು ಬಿಡಿಸಿದೆ, ಎಳೆ ಎದ್ದಿತು, ಅರ್ಧಕ್ಕೆ ಕಡಿಯಿತು. ಇನ್ನೊಮ್ಮೆ ನೋಡಿದೆ, ಮತ್ತೆ ಕಡಿಯಿತು. ಹೌದು ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಹೌದು ಎಂದರೆ ಅಪ್ಪ ಸಂತೋಷಪಡುತ್ತಾರೆ, ಅವರ ಕಣ್ಣಾದರೂ ಸರಿಯಿದೆ ಎಂದು ಧೈರ್ಯ ಬರುತ್ತದೆ.

"ಇಲ್ಲ ಅಪ್ಪ. ಇನ್ನೂ ಬಂದಿಲ್ಲ."

ಅಮ್ಮನ ಕೈ ನಿಂತಿತು. ಅಪ್ಪ ನನ್ನ ಬೆರಳು ನೋಡಿದರು, ಪಾಕ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ಒಲೆಯಿಂದ ಒಂದು ಹೆಜ್ಜೆ ಹಿಂದೆ ಸರಿದು, ಸೌಟನ್ನು ನನ್ನ ಕೈಗೆ ಕೊಟ್ಟರು.

"ಸರಿ. ಬಂದಾಗ ನೀನೇ ಹೇಳು."